ಮಿಸ್, ಇದರಲ್ಲಿ ಯಾವ ಧರ್ಮ ನಿಜ?

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಜಗತ್ತಿನ ಧರ್ಮಗಳ ಬಗ್ಗೆ ಒಂದು ಪಾಠ ಇದೆ. ಶುರು ಮಾಡಿದ ಎರಡನೇ ದಿನವೇ ಒಬ್ಬ ಹುಡುಗಿ ಎದ್ದು ನಿಂತು "ಮಿಸ್, ಇದರಲ್ಲಿ ಯಾವ ಧರ್ಮ ನಿಜ?" ಅಂತ ಕೇಳಿದಳು. ನನಗೆ ಮಾತೇ ಹೊರಡಲಿಲ್ಲ. ಅದೇ ವಾರ ಒಬ್ಬ ತಂದೆ ಬಂದು "ಬೇರೆಯವರ ಧರ್ಮ ನನ್ನ ಮಗನಿಗೆ ಯಾಕೆ?" ಅಂದರು. ಇನ್ನೊಬ್ಬ ತಾಯಿ "ಈಗಿನ ಮಕ್ಕಳಿಗೆ ನೀತಿಯೇ ಇಲ್ಲ, ದಿನಾ ಒಂದು ಪಿರಿಯಡ್ ಧರ್ಮ ಕಲಿಸಿ" ಅಂದರು. ಮುಖ್ಯೋಪಾಧ್ಯಾಯರು "ಸುಮ್ನೆ ಯಾಕೆ ತಲೆನೋವು, ಆ ಪಾಠ ಬಿಟ್ಟುಬಿಡಿ" ಅನ್ನುತ್ತಾರೆ. ಶಾಲೆಯಲ್ಲಿ ಧರ್ಮಕ್ಕೆ ಜಾಗ ಇದೆಯಾ? ಇದ್ದರೆ ಎಷ್ಟು, ಹೇಗೆ?

ಉತ್ತರ: ಮೇಡಂ, ನಿಮ್ಮ ಪತ್ರದಲ್ಲಿ ನಾಲ್ಕು ಜನ ಇದ್ದಾರೆ. ನಾಲ್ವರೂ ಧರ್ಮ ಅನ್ನುವ ಒಂದೇ ಪದ ಹಿಡಿದು ನಾಲ್ಕು ಬೇರೆ ವಿಷಯ ಮಾತಾಡುತ್ತಿದ್ದಾರೆ. ತಾಯಿ ಹೇಳುವ ಧರ್ಮ ಅಂದರೆ ನಡತೆ. ತಂದೆ ಹೇಳುವ ಧರ್ಮ ಅಂದರೆ ಮನೆಯ ನಂಬಿಕೆ, ಅದು ಕೈಬಿಟ್ಟು ಹೋದೀತು ಅನ್ನುವ ಭಯ. ಹುಡುಗಿಗೆ ಬೇಕಿರುವುದು ಸತ್ಯ. ಮುಖ್ಯೋಪಾಧ್ಯಾಯರಿಗೆ ಧರ್ಮ ಅಂದರೆ ಗಲಾಟೆ.

ಅವರ ತಪ್ಪೇನೂ ಇಲ್ಲ. ನಮ್ಮ ಪದವೇ ಹಾಗಿದೆ. ಧರ್ಮಕ್ಕೆ ಸಿಕ್ಕಿದ್ದು ಅಂದರೆ ಪುಕ್ಕಟೆ ಸಿಕ್ಕಿದ್ದು. ಧರ್ಮದೇಟು ಅಂದರೆ ಕಂಡವರೆಲ್ಲ ಕೊಡುವ ಪೆಟ್ಟು. 'ಇದು ನಿನಗೆ ಧರ್ಮವೇ?' ಅಂದರೆ ನ್ಯಾಯವೇ ಅಂತ. ಮತ, ಪೂಜೆ, ದಾನ, ನ್ಯಾಯ, ಕರ್ತವ್ಯ, ಎಲ್ಲಕ್ಕೂ ಒಂದೇ ಚೀಲ. ಹಾಗಾಗಿ ಶಾಲೆಯಲ್ಲಿ ಧರ್ಮ ಬೇಕಾ ಬೇಡವಾ ಅಂತ ಕೇಳಿದರೆ, ಹೌದು ಅಂದವರೂ ಬೇಡ ಅಂದವರೂ ಯಾವುದಕ್ಕೆ ಹಾಗಂದರು ಅಂತ ಗೊತ್ತಾಗುವುದಿಲ್ಲ. ಮೊದಲು ಚೀಲ ಬಿಚ್ಚಬೇಕು.

ಶಾಲೆಯೊಳಗೆ ಧರ್ಮ ಮೂರು ಬಾಗಿಲಿಂದ ಬರಬಹುದು. ಒಂದು ಆಚರಣೆಯ ಬಾಗಿಲು. ಎಲ್ಲರೂ ಕೈಮುಗಿದು ನಿಂತು ಪ್ರಾರ್ಥನೆ ಹೇಳುವುದು, ಗ್ರಂಥ ಓದುವುದು. ಇನ್ನೊಂದು ಬೋಧನೆಯ ಬಾಗಿಲು. ಇದು ನಮ್ಮ ನಂಬಿಕೆ, ನೀನೂ ಹೀಗೆ ನಂಬು ಅಂತ ಕಲಿಸುವುದು. ಮೂರನೆಯದು ಪರಿಚಯದ ಬಾಗಿಲು. ಜನ ಏನೇನು ನಂಬುತ್ತಾರೆ, ಅದರಿಂದ ಏನೇನು ಆಯಿತು ಅಂತ ತಿಳಿಸುವುದು. ನಿಮ್ಮ ಪಾಠ ಬಂದಿರುವುದು ಮೂರನೇ ಬಾಗಿಲಿಂದ. ಜಗಳ ನಡೆಯುವುದು ಹೆಚ್ಚಾಗಿ ಮೊದಲ ಎರಡು ಬಾಗಿಲಲ್ಲಿ. ಆದರೆ ಗಲಾಟೆ ಆದ ಕೂಡಲೇ ಬೀಗ ಬೀಳುವುದು ಈ ಮೂರನೆಯದಕ್ಕೆ.

ಅಮೆರಿಕದಲ್ಲಿ ನಡೆದದ್ದನ್ನೇ ನೋಡಿ. ನ್ಯೂಯಾರ್ಕ್ ರಾಜ್ಯದ ಶಿಕ್ಷಣ ಮಂಡಳಿ ಶಾಲೆಗಳಿಗಾಗಿ ಒಂದು ಪುಟ್ಟ ಪ್ರಾರ್ಥನೆ ಬರೆದಿತ್ತು. ಇಂಗ್ಲಿಷಿನಲ್ಲಿ ಬರೀ 22 ಪದ. ಯಾವ ಪಂಥದ ಹೆಸರೂ ಅದರಲ್ಲಿರಲಿಲ್ಲ. ದೇವರೇ, ನಮ್ಮನ್ನೂ ತಂದೆತಾಯಿಯನ್ನೂ ಶಿಕ್ಷಕರನ್ನೂ ದೇಶವನ್ನೂ ಹರಸು ಅಂತ, ಅಷ್ಟೇ. ಇಷ್ಟವಿಲ್ಲದ ಮಕ್ಕಳು ಸುಮ್ಮನಿರಬಹುದಿತ್ತು. ಆದರೂ 1962ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ನಿಲ್ಲಿಸಿತು. ಜನರಿಗೆ ಪ್ರಾರ್ಥನೆ ಬರೆದುಕೊಡುವುದು ಸರ್ಕಾರದ ಕೆಲಸ ಅಲ್ಲ ಅಂದಿತು. ಮರುವರ್ಷ, ಶಾಲೆಯ ದಿನ ಶುರುವಾಗುವಾಗ ಬೈಬಲ್ ಓದಿಸುವುದಕ್ಕೂ ತಡೆ ಬಿತ್ತು. ದೇವರನ್ನೇ ಶಾಲೆಯಿಂದ ಹೊರಗೆ ಹಾಕಿದರು ಅಂತ ದೊಡ್ಡ ಗದ್ದಲ ಎದ್ದಿತು. ಆ 1963ರ ತೀರ್ಪಿನಲ್ಲೇ ಇನ್ನೊಂದು ಮಾತಿದೆ. ಧರ್ಮಗಳ ಇತಿಹಾಸವನ್ನೋ ಅವುಗಳ ಹೋಲಿಕೆಯನ್ನೋ ಓದದಿದ್ದರೆ ಒಬ್ಬರ ಶಿಕ್ಷಣ ಪೂರ್ತಿ ಆಗುವುದಿಲ್ಲ ಅಂತ ಹೇಳಬಹುದು, ಅದನ್ನು ಪಾಠವಾಗಿ ಕಲಿಸಿದರೆ ತಪ್ಪೇನಿಲ್ಲ ಅಂತ. ತೀರ್ಪಿನ ಅರ್ಧ ಎಲ್ಲರ ಬಾಯಲ್ಲೂ ಉಳಿಯಿತು. ಇನ್ನರ್ಧವನ್ನು ಯಾರೂ ಓದಲಿಲ್ಲ.

ಭಾರತದ ಸಂವಿಧಾನದಲ್ಲೂ ಇದೇ ಗೆರೆ ಇದೆ. ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧರ್ಮಬೋಧನೆ ಕೂಡದು ಅಂತ 28ನೇ ವಿಧಿ ಹೇಳುತ್ತದೆ. ಸರ್ಕಾರದ ಮಾನ್ಯತೆಯೋ ಅನುದಾನವೋ ಪಡೆದ ಶಾಲೆಯಲ್ಲಾದರೆ, ಮಗುವನ್ನು ಬೋಧನೆಗೋ ಪ್ರಾರ್ಥನೆಗೋ ಕೂರಿಸಲು ಪೋಷಕರ ಒಪ್ಪಿಗೆ ಬೇಕು. ಆದರೆ ಧರ್ಮಗಳ ಬಗ್ಗೆ ತಿಳಿಸುವುದಕ್ಕೆ ಈ ವಿಧಿ ಅಡ್ಡಿಯಲ್ಲ ಅಂತ ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿತು. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ 1993ರಲ್ಲಿ ಕೊಟ್ಟ ವಿವರಣೆಯೂ ಹೆಚ್ಚುಕಡಿಮೆ ಇದೇ. ಧರ್ಮಗಳ ಇತಿಹಾಸವನ್ನು ಯಾರ ಕಡೆಗೂ ವಾಲದೆ ಹೇಳುವುದಾದರೆ ಸರ್ಕಾರಿ ಶಾಲೆಯಲ್ಲಿ ಹೇಳಬಹುದು. ಒಂದೇ ಧರ್ಮವನ್ನು ಬೋಧಿಸುವುದಾದರೆ, ಬೇಡ ಅನ್ನುವವರಿಗೆ ಹೊರಗುಳಿಯುವ ದಾರಿ ಇರಲೇಬೇಕು.

ಎಲ್ಲ ದೇಶವೂ ಒಂದೇ ರೀತಿ ನಡೆದುಕೊಂಡಿಲ್ಲ. ಜರ್ಮನಿಯಲ್ಲಿ ಧರ್ಮಬೋಧನೆ ಸರ್ಕಾರಿ ಶಾಲೆಯ ಮಾಮೂಲಿ ವಿಷಯ, 1949ರ ಮೂಲ ಕಾನೂನಿನಲ್ಲೇ, ಅಂದರೆ ಅಲ್ಲಿನ ಸಂವಿಧಾನದಲ್ಲೇ ಇದೆ. ಆದರೆ ಇಷ್ಟವಿಲ್ಲದ ಶಿಕ್ಷಕರಿಂದ ಅದನ್ನು ಮಾಡಿಸುವ ಹಾಗಿಲ್ಲ. ಇಂಗ್ಲೆಂಡಿನಲ್ಲಿ 1944ರ ಕಾಯ್ದೆ ಧರ್ಮದ ಪಾಠವನ್ನೂ ದಿನದ ಸಾಮೂಹಿಕ ಪ್ರಾರ್ಥನೆಯನ್ನೂ ಕಡ್ಡಾಯ ಮಾಡಿತು, ಜೊತೆಗೆ ಮಗುವನ್ನು ಅದರಿಂದ ಬಿಡಿಸಿಕೊಳ್ಳುವ ಹಕ್ಕನ್ನು ಪೋಷಕರಿಗೆ ಕೊಟ್ಟಿತು. 1988ರ ಕಾಯ್ದೆ ಬಂದ ಮೇಲೆ, ಕ್ರೈಸ್ತ ಧರ್ಮಕ್ಕೆ ಮುಖ್ಯ ಜಾಗ ಇದ್ದರೂ ಅಲ್ಲಿರುವ ಬೇರೆ ಪ್ರಮುಖ ಧರ್ಮಗಳನ್ನೂ ಕಲಿಸಬೇಕು ಅಂತಾಯಿತು. ಫ್ರಾನ್ಸ್ ತದ್ವಿರುದ್ಧ. ಅದರ ಕಥೆ ಮುಂದೆ ಬರುತ್ತದೆ.

ಈಗ ನಿಮ್ಮ ಮುಖ್ಯೋಪಾಧ್ಯಾಯರ ಸಲಹೆ. ಪಾಠ ಬಿಟ್ಟರೆ ಧರ್ಮ ಶಾಲೆಯಿಂದ ಹೊರಟುಹೋಗುತ್ತದೆ ಅಂತ ಅವರು ಅಂದುಕೊಂಡಿದ್ದಾರೆ. ಅದು ಹೋಗುವಂಥದ್ದಲ್ಲ. ಅವರ ಕೋಣೆಯ ಗೋಡೆಯಲ್ಲಿ ಕ್ಯಾಲೆಂಡರ್ ಇದೆ ಅಲ್ವಾ? ಅದನ್ನು 1582ರಲ್ಲಿ ಸರಿಪಡಿಸಿದ್ದು ಪೋಪ್ 13ನೇ ಗ್ರೆಗೊರಿ. ಈಸ್ಟರ್ ಹಬ್ಬದ ಲೆಕ್ಕ ಋತುವಿನಿಂದ ಜಾರಿಹೋಗುತ್ತಿತ್ತು, ಅದಕ್ಕೆ. 1517ರಲ್ಲಿ ಮಾರ್ಟಿನ್ ಲೂಥರ್ ಚರ್ಚಿಗೆ ಎದುರು ನಿಂತದ್ದು ಯಾಕೆ, 1618ರಿಂದ 1648ರವರೆಗೆ ಯುರೋಪು ಯುದ್ಧದಲ್ಲಿ ಹೊತ್ತಿ ಉರಿದದ್ದು ಯಾಕೆ, ಕಲಿಂಗ ಯುದ್ಧದ ನಂತರ ಅಶೋಕ ಕಲ್ಲುಗಳ ಮೇಲೆ ಬರೆಸಿದ್ದು ಏನು, ಇದನ್ನೆಲ್ಲ ಧರ್ಮದ ಮಾತೆತ್ತದೆ ಹೇಳಿ ನೋಡಿ. ಇಸವಿಗಳ ಪಟ್ಟಿ ಉಳಿಯುತ್ತದೆ, ಕಾರಣ ಉಳಿಯುವುದಿಲ್ಲ.

ಶಾಲೆ ಅನ್ನುವುದೇ ಎಷ್ಟೋ ಕಡೆ ಧರ್ಮದ ಮನೆಯಲ್ಲಿ ಹುಟ್ಟಿದ ಕೂಸು. ನಳಂದ ಬೌದ್ಧ ವಿಹಾರ. ಕೈರೋದ ಅಲ್ ಅಝರ್ 10ನೇ ಶತಮಾನದ ಮಸೀದಿ. ನನಗೆ ತುಂಬಾ ಇಷ್ಟವಾದ ಉದಾಹರಣೆ ಅಮೆರಿಕದ ಮ್ಯಾಸಚೂಸೆಟ್ಸ್‌ನ 1647ರ ಕಾನೂನು. ಐವತ್ತು ಮನೆ ಇರುವ ಪ್ರತಿ ಊರೂ ಓದು ಬರಹ ಕಲಿಸಲು ಒಬ್ಬ ಮೇಷ್ಟ್ರನ್ನು ಇಡಬೇಕು ಅಂತ ಅದು ಹೇಳಿತು. ಕಾರಣ ಏನು ಗೊತ್ತಾ? ಜನರಿಗೆ ಬೈಬಲ್ಲಿನ ತಿಳಿವಳಿಕೆ ಸಿಗದ ಹಾಗೆ ಮಾಡುವುದು ಸೈತಾನನ ಹಳೇ ಹೂಟ, ಅದನ್ನು ಮುರಿಯಬೇಕು ಅಂತ ಕಾನೂನಿನಲ್ಲೇ ಬರೆದಿದ್ದಾರೆ. ಎಲ್ಲರಿಗೂ ಅಕ್ಷರ ಕಲಿಸಬೇಕು ಅನ್ನುವ ಆಸೆ ಅಲ್ಲಿ ಬಂದದ್ದು ಸೈತಾನನ ಹೆದರಿಕೆಯಿಂದ. ಅದೇ ಶಾಲೆಗಳಲ್ಲಿ ಓದು ಕಲಿತವರ ಮೊಮ್ಮಕ್ಕಳು ಮುಂದೆ ಏನೇನೋ ಓದಿದರು ಅನ್ನಿ, ಅದು ಬೇರೆ ವಿಷಯ.

ಧರ್ಮವನ್ನು ಶಾಲೆಯಿಂದ ಪೂರ್ತಿ ಹೊರಗಿಟ್ಟು ನೋಡಿದ ದೇಶ ಫ್ರಾನ್ಸ್. ಶಿಕ್ಷಣ ಸಚಿವ ಜೂಲ್ಸ್ ಫೆರಿ 1882ರಲ್ಲಿ ತಂದ ಕಾನೂನು ಸರ್ಕಾರಿ ಪ್ರಾಥಮಿಕ ಶಾಲೆಯಿಂದ ಧರ್ಮಬೋಧನೆಯನ್ನು ತೆಗೆದು ಆ ಜಾಗದಲ್ಲಿ ನೀತಿ ಮತ್ತು ಪೌರಶಿಕ್ಷಣ ಇಟ್ಟಿತು. ಭಾನುವಾರ ಅಲ್ಲದೆ ವಾರದಲ್ಲಿ ಇನ್ನೊಂದು ದಿನ ರಜೆ ಕೊಟ್ಟಿತು, ಬೇಕಾದವರು ಮಕ್ಕಳಿಗೆ ಹೊರಗೆ ಧರ್ಮ ಕಲಿಸಿಕೊಳ್ಳಲಿ ಅಂತ. 2004ರಲ್ಲಿ ಎದ್ದು ಕಾಣುವ ಧಾರ್ಮಿಕ ಗುರುತುಗಳನ್ನು ತೊಟ್ಟು ಮಕ್ಕಳು ಸರ್ಕಾರಿ ಶಾಲೆಗೆ ಬರುವ ಹಾಗಿಲ್ಲ ಅನ್ನುವ ಕಾನೂನೂ ಬಂತು. ಅಷ್ಟು ಗಟ್ಟಿ ದೇಶ. ಅಲ್ಲೇ 2002ರಲ್ಲಿ ಚಿಂತಕ ರೆಜಿಸ್ ದೆಬ್ರೆ ಸರ್ಕಾರಕ್ಕೆ ಒಂದು ವರದಿ ಕೊಟ್ಟರು. ಮಕ್ಕಳಿಗೆ ತಮ್ಮದೇ ದೇಶದ ಚಿತ್ರ, ಶಿಲ್ಪ, ಸಾಹಿತ್ಯ ಅರ್ಥವಾಗದ ಸ್ಥಿತಿ ಬಂದಿದೆ, ಧರ್ಮವನ್ನು ಜಗತ್ತಿನ ಒಂದು ವಾಸ್ತವ ಸಂಗತಿಯಾಗಿ ಇತಿಹಾಸ, ಕಲೆ, ಭಾಷೆಯ ಪಾಠಗಳಲ್ಲೇ ಕಲಿಸಿ ಅನ್ನುವುದು ಅದರ ತಿರುಳು. ನೂರಿಪ್ಪತ್ತು ವರ್ಷ ಬಾಗಿಲು ಹಾಕಿಟ್ಟವರೇ ಮೂರನೇ ಬಾಗಿಲ ಬೀಗ ತೆಗೆಯೋಣ ಅಂದರು. ಮುಖ್ಯೋಪಾಧ್ಯಾಯರಿಗೆ ಹೇಳಲು ನಿಮಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಿಕ್ಕಿಲ್ಲ.

ಇನ್ನು ಆ ತಂದೆ. ಅವರ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮಕ್ಕಳಿಗೆ ತಮ್ಮ ನಂಬಿಕೆಯಂತೆ ಧಾರ್ಮಿಕ, ನೈತಿಕ ಶಿಕ್ಷಣ ಕೊಡಿಸುವ ಹಕ್ಕು ತಂದೆತಾಯಿಗೆ ಇದೆ ಅಂತ 1966ರ ಅಂತರರಾಷ್ಟ್ರೀಯ ಒಪ್ಪಂದವೇ ಹೇಳುತ್ತದೆ. ನಾರ್ವೆಯಲ್ಲಿ ಇದು ದೊಡ್ಡ ವಿಷಯ ಆಗಿತ್ತು. ಅಲ್ಲಿ 1997ರಲ್ಲಿ ಕ್ರೈಸ್ತ ಧರ್ಮ, ಬೇರೆ ಧರ್ಮಗಳು, ತತ್ವಜ್ಞಾನ ಎಲ್ಲ ಸೇರಿಸಿ ಒಂದು ಹೊಸ ವಿಷಯ ತಂದರು. ಇದು ಬರೀ ಪರಿಚಯ, ಆದ್ದರಿಂದ ಎಲ್ಲರಿಗೂ ಕಡ್ಡಾಯ ಅಂದರು. ಕೆಲವು ಭಾಗಕ್ಕೆ ಮಾತ್ರ ವಿನಾಯಿತಿ ಇತ್ತು, ಅದಕ್ಕೂ ಕಾರಣ ಕೊಡಬೇಕಿತ್ತು. ಯಾವ ಧರ್ಮಕ್ಕೂ ಸೇರದ ಕೆಲವು ಪೋಷಕರು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋದರು. 2007ರಲ್ಲಿ ಪೋಷಕರು ಗೆದ್ದರು, ಆದರೆ 9 ನ್ಯಾಯಾಧೀಶರು ಒಂದು ಕಡೆ, 8 ಮಂದಿ ಇನ್ನೊಂದು ಕಡೆ. ಕ್ರೈಸ್ತ ಧರ್ಮಕ್ಕೆ ಜಾಸ್ತಿ ಪುಟ ಕೊಟ್ಟದ್ದೇ ತಪ್ಪು ಅಂತ ನ್ಯಾಯಾಲಯ ಹೇಳಲಿಲ್ಲ. ದೇಶದ ಇತಿಹಾಸದಲ್ಲಿ ಅದರ ಪಾಲು ದೊಡ್ಡದು, ಪುಟ ಜಾಸ್ತಿ ಆಗಬಹುದು. ತೊಂದರೆ ಇದ್ದದ್ದು ಹೇಳುವ ಧಾಟಿಯಲ್ಲಿ. ಒಂದು ಧರ್ಮವನ್ನು ಒಳಗಿನಿಂದ, ಉಳಿದದ್ದನ್ನು ಹೊರಗಿನಿಂದ ಹೇಳಿದ ಹಾಗಿತ್ತು ಅಂತ ಇಟ್ಟುಕೊಳ್ಳಿ.

ನೀವು ಆ ತಂದೆಗೆ ಹೇಳಬೇಕಾದ್ದು ಇಷ್ಟೇ: ನಿಮ್ಮ ಮಗನಿಗೆ ಬೇರೆ ಧರ್ಮವನ್ನು ಕಲಿಸುತ್ತಿಲ್ಲ, ಬೇರೆ ಧರ್ಮದ ವಿಷಯ ತಿಳಿಸುತ್ತಿದ್ದೇನೆ. ಆಮೇಲೆ ಪುಸ್ತಕ ಅವರ ಕೈಗೇ ಕೊಡಿ, ಓದಲಿ. ಅವರ ಭಯ ನಿಜವೋ ಅಲ್ಲವೋ ಅನ್ನುವುದು ನೀವು ತರಗತಿಯಲ್ಲಿ ನಿಜವಾಗಿಯೂ ಏನು ಮಾಡುತ್ತೀರಿ ಅನ್ನುವುದರ ಮೇಲಿದೆ. ಪೋಷಕರ ಹಕ್ಕಿಗೂ ಕೊನೆ ಇದೆ, ಅದನ್ನೂ ಮರೆಯಬೇಡಿ. ಮಗುವಿಗೂ ತನ್ನದೇ ಆದ ನಂಬಿಕೆಯ ಸ್ವಾತಂತ್ರ್ಯ ಇದೆ, ಮಗು ಬೆಳೆದ ಹಾಗೆ ಪೋಷಕರ ಮಾತು ದಾರಿ ತೋರಿಸುವ ಮಟ್ಟಕ್ಕೆ ಇಳಿಯಬೇಕು ಅನ್ನುವುದು 1989ರ ಮಕ್ಕಳ ಹಕ್ಕುಗಳ ಒಪ್ಪಂದದ ಧೋರಣೆ. ಜರ್ಮನಿಯ 1921ರ ಒಂದು ಕಾನೂನು ಇದಕ್ಕೆ ವಯಸ್ಸನ್ನೇ ಗೊತ್ತು ಮಾಡಿದೆ. ಹನ್ನೆರಡು ತುಂಬಿದ ಮಗುವನ್ನು ಅದಕ್ಕೆ ಇಷ್ಟವಿಲ್ಲದೆ ಬೇರೆ ಪಂಥಕ್ಕೆ ಬದಲಾಯಿಸುವ ಹಾಗಿಲ್ಲ. ಹದಿನಾಲ್ಕು ಆದ ಮೇಲೆ ಯಾವ ಪಂಥ ಅನ್ನುವುದನ್ನು ಮಗುವೇ ತೀರ್ಮಾನಿಸಬಹುದು. ನೂರು ವರ್ಷದ ಹಿಂದೆಯೇ ಹೀಗೆ ಯೋಚಿಸಿದ್ದರಲ್ಲ ಅಂತ ನನಗೆ ಈಗಲೂ ಆಶ್ಚರ್ಯ.

ತಾಯಿಯ ಮಾತಿಗೆ ಜಾಸ್ತಿ ಹೊತ್ತು ಬೇಡ. ಸುಳ್ಳು ಹೇಳಬಾರದು, ಇನ್ನೊಬ್ಬರಿಗೆ ನೋವು ಮಾಡಬಾರದು ಅನ್ನುವುದನ್ನು ಧರ್ಮದ ಹೆಸರೆತ್ತದೆ ಕಲಿಸಬಹುದು, ಹೆಸರೆತ್ತಿಯೂ ಕಲಿಸಬಹುದು. ಎರಡು ದಾರಿಯಲ್ಲೂ ಒಳ್ಳೆಯವರು ಬಂದಿದ್ದಾರೆ, ಎರಡರಲ್ಲೂ ಕಳ್ಳರು ಬಂದಿದ್ದಾರೆ. ನಡತೆ ಪಿರಿಯಡ್ಡಿನಲ್ಲಿ ಬರುವಂಥದ್ದಲ್ಲ. ಕಾಪಿ ಹೊಡೆದ ಹುಡುಗನನ್ನು ನೀವು ಹೇಗೆ ನಡೆಸಿಕೊಂಡಿರಿ ಅನ್ನುವುದನ್ನು ಉಳಿದ ನಲವತ್ತು ಮಕ್ಕಳು ನೋಡುತ್ತಿರುತ್ತಾರೆ. ಅದೇ ನೀತಿಪಾಠ. ಆ ತಾಯಿಗೆ ಇನ್ನೊಂದು ಮಾತು ಹೇಳಬಹುದು: ದಿನಾ ಒಂದು ಪಿರಿಯಡ್ ಧರ್ಮ ಅಂದರೆ ಯಾರ ಧರ್ಮ, ಯಾರು ಕಲಿಸುವುದು ಅಂತ ಕೇಳಿ. ಅಲ್ಲಿಗೆ ಮಾತು ಬದಲಾಗುತ್ತದೆ.

ಆಗಲೇ ಹೇಳಿದ ಫ್ರಾನ್ಸಿನ ಸಚಿವ ಫೆರಿ 1883ರಲ್ಲಿ ಶಿಕ್ಷಕರಿಗೆಲ್ಲ ಒಂದು ಪತ್ರ ಬರೆದರು. ಮಕ್ಕಳಿಗೆ ಒಂದು ನೀತಿಯ ಮಾತು ಹೇಳುವ ಮುಂಚೆ ಯೋಚಿಸಿ, ನಿಮ್ಮ ತರಗತಿಯಲ್ಲಿ ಒಬ್ಬನೇ ಒಬ್ಬ ತಂದೆ ಕೂತು ಕೇಳಿದರೂ ಅವನು ಪ್ರಾಮಾಣಿಕವಾಗಿ ಇದನ್ನು ಒಪ್ಪಲಾರ ಅನಿಸಿದರೆ ಆ ಮಾತು ಬಿಡಿ ಅನ್ನುವ ಅರ್ಥದ ಸಲಹೆ ಅದರಲ್ಲಿದೆ. ಉಪದೇಶ ಮಾಡುವಾಗ ಇದು ಚಿನ್ನದಂಥ ಅಳತೆ. ಆದರೆ ಇತಿಹಾಸಕ್ಕೂ ವಿಜ್ಞಾನಕ್ಕೂ ಇದನ್ನೇ ಹಿಡಿದರೆ ಏನೂ ಕಲಿಸಲಾಗುವುದಿಲ್ಲ. ಭೂಮಿಯ ವಯಸ್ಸು ಸುಮಾರು 450 ಕೋಟಿ ವರ್ಷ ಅನ್ನುವುದನ್ನು ಒಪ್ಪದ ತಂದೆ ಇದ್ದೇ ಇರುತ್ತಾರೆ. ವಿಜ್ಞಾನದ ಪಿರಿಯಡ್ಡಿನಲ್ಲಿ ವಿಜ್ಞಾನವನ್ನೇ ಹೇಳಬೇಕು. ಅಮೆರಿಕದ ಟೆನೆಸ್ಸಿಯಲ್ಲಿ ಮಾನವ ವಿಕಾಸ ಕಲಿಸಿದ ಅಂತ 1925ರಲ್ಲಿ ಒಬ್ಬ ಶಿಕ್ಷಕರಿಗೆ 100 ಡಾಲರ್ ದಂಡ ಹಾಕಿದ್ದರು. ಮೇಲಿನ ಕೋರ್ಟು ತಾಂತ್ರಿಕ ಕಾರಣಕ್ಕೆ ಆ ದಂಡ ರದ್ದು ಮಾಡಿತು, ಆದರೆ ಆ ಕಾನೂನು ಹೋಗಲು 1967 ಬರಬೇಕಾಯಿತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನೀವು ಹೇಗೆ ಕಲಿಸುವುದು?

ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ ಇದೇ ಪಾಠ ಮಾಡಿದೆ. ಚೆನ್ನಾಗಿ ಮಾಡಿದೆ ಅಂತಲೇ ಅಂದುಕೊಂಡಿದ್ದೆ. ಯಾವ ಧರ್ಮವನ್ನೂ ಬೈದಿರಲಿಲ್ಲ. ಎಲ್ಲಕ್ಕೂ ಒಂದೊಂದು ಪಿರಿಯಡ್ ಕೊಟ್ಟಿದ್ದೆ. ಹಿಂದಿನ ಬೆಂಚಿನಲ್ಲಿ ಒಬ್ಬ ಹಿರಿಯ ಮೇಷ್ಟ್ರು ಕೂತು ಏನೋ ಗೀಚುತ್ತಿದ್ದರು. ಪಾಠ ಮುಗಿದ ಮೇಲೆ ನೋಟ್ ಪುಸ್ತಕ ನನ್ನ ಕೈಗಿಟ್ಟರು. ಒಂದು ಮಾತೂ ಆಡಲಿಲ್ಲ. ನಾನು ಆಡಿದ ಕ್ರಿಯಾಪದಗಳನ್ನು ಎರಡು ಪಟ್ಟಿಯಾಗಿ ಬರೆದಿದ್ದರು, ಅಷ್ಟೇ. ಎಡಗಡೆ, ನನ್ನ ಧರ್ಮದ ಬಗ್ಗೆ ಹೇಳುವಾಗ ಬಂದವು: ಬಂದನು, ಕೊಟ್ಟನು, ಹರಸಿದನು. ಬಲಗಡೆ, ಉಳಿದವರ ಬಗ್ಗೆ ಹೇಳುವಾಗ ಬಂದವು: ಬಂದನಂತೆ, ಕೊಟ್ಟನಂತೆ, ಹೇಳಿದನಂತೆ.

ಈ 'ಅಂತೆ' ಇದೆಯಲ್ಲ ಮೇಡಂ, ಅದು ಬಹಳ ಸಣ್ಣ ಪದ. ಅದರೊಳಗೆ ಒಂದು ನಗು ಬಚ್ಚಿಟ್ಟುಕೊಂಡಿದೆ. 'ದೇವದೂತ ಬಂದು ಹೇಳಿದನು' ಅಂದರೆ ನಾನೇ ಸಾಕ್ಷಿ ಅಂದ ಹಾಗೆ. 'ದೇವದೂತ ಬಂದು ಹೇಳಿದನಂತೆ' ಅಂದರೆ, ಅವರು ಹಾಗಂತಾರಪ್ಪ, ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು. ಮೊದಲನೆಯದು ಬೋಧನೆ, ಎರಡನೆಯದು ಲೇವಡಿ. ಪರಿಚಯದ ವಾಕ್ಯ ಬೇರೆಯೇ ಇದೆ: 'ಕುರ್‌ಆನ್ ದೇವದೂತ ಜಿಬ್ರೀಲ್ ಮೂಲಕ ಪ್ರವಾದಿ ಮುಹಮ್ಮದರಿಗೆ ಬಂತು ಎಂದು ಮುಸ್ಲಿಮರು ನಂಬುತ್ತಾರೆ.' ನಂಬುತ್ತಾರೆ ಅನ್ನುವುದು ನಿಜವಾದ ಸಂಗತಿ. ಅದನ್ನು ಯಾವ ಧರ್ಮದ ಶಿಕ್ಷಕರೂ ಸುಳ್ಳಾಡದೆ ಹೇಳಬಹುದು, ಯಾವ ಮಗುವೂ ನೋಯದೆ ಕೇಳಬಹುದು. ಇದನ್ನು ನಿಮ್ಮ ಸ್ವಂತ ಧರ್ಮಕ್ಕೂ ಬಳಸಬೇಕು. ಕಷ್ಟ ಇರುವುದು ಅಲ್ಲೇ. ಹುಟ್ಟಿದಾಗಿನಿಂದ 'ಮಾಡಿದನು' ಅಂತ ಕೇಳಿ ಬೆಳೆದ ಕಥೆಗೆ 'ಮಾಡಿದನೆಂದು ನಂಬುತ್ತಾರೆ' ಅಂತ ಸೇರಿಸುವಾಗ ನಾಲಿಗೆ ತಡವರಿಸುತ್ತದೆ. ತಡವರಿಸಲಿ.

ಹಾಗಂತ ಎಲ್ಲ ವಾಕ್ಯಕ್ಕೂ 'ನಂಬುತ್ತಾರೆ' ಅಂಟಿಸಬೇಡಿ. ರೋಮನ್ ಅಧಿಕಾರಿ ಪಿಲಾತನ ಕಾಲದಲ್ಲಿ ಯೇಸುವನ್ನು ಶಿಲುಬೆಗೆ ಏರಿಸಿದ್ದು ಬಹುತೇಕ ಇತಿಹಾಸಕಾರರು ಒಪ್ಪುವ ಮಾತು. ಮೂರನೇ ದಿನ ಎದ್ದು ಬಂದರು ಅನ್ನುವುದು ಕ್ರೈಸ್ತರ ನಂಬಿಕೆ. ಮುಸ್ಲಿಮರಲ್ಲಿ ಹೆಚ್ಚಿನವರು ಯೇಸುವನ್ನು ಪ್ರವಾದಿಯಾಗಿ ಗೌರವಿಸುತ್ತಾರೆ, ಆದರೆ ಅವರು ಶಿಲುಬೆಯ ಮೇಲೆ ತೀರಿಕೊಂಡರು ಅನ್ನುವುದನ್ನೇ ಒಪ್ಪುವುದಿಲ್ಲ. ಈ ಮೂರು ವಾಕ್ಯ ಪಕ್ಕಪಕ್ಕ ಬೋರ್ಡಿನ ಮೇಲೆ ಬರೆಯಿರಿ. ಯಾವುದು ದಾಖಲೆಯ ಮಾತು, ಯಾವುದು ನಂಬಿಕೆಯ ಮಾತು ಅಂತ ಮಕ್ಕಳೇ ವಿಂಗಡಿಸಲಿ. ಆ ವಯಸ್ಸಿನ ಮಕ್ಕಳು ಇದನ್ನು ನಮಗಿಂತ ಚೆನ್ನಾಗಿ ಮಾಡುತ್ತಾರೆ.

ಇನ್ನೊಂದು ಬಲೆ ಅವನು ಮತ್ತು ಅವರು. ಕನ್ನಡದಲ್ಲಿ ದೇವರನ್ನು 'ಕಾಪಾಡಪ್ಪಾ' ಅಂತ ಏಕವಚನದಲ್ಲೇ ಕರೆಯುತ್ತೇವೆ. ಅದು ಸಲಿಗೆ, ಪ್ರೀತಿ. ಆದರೆ ತರಗತಿಯಲ್ಲಿ ಒಬ್ಬ ಗುರುವಿಗೆ 'ಹೇಳಿದರು', ಇನ್ನೊಬ್ಬರಿಗೆ 'ಹೇಳಿದ' ಅಂದರೆ ಅಲ್ಲಿ ಪ್ರೀತಿ ಯಾರಿಗೂ ಕೇಳಿಸುವುದಿಲ್ಲ. ಧರ್ಮಸ್ಥಾಪಕರಿಗೂ ಸಂತರಿಗೂ ಎಲ್ಲರಿಗೂ ಒಂದೇ ಬಹುವಚನ ಇಟ್ಟುಬಿಡಿ. ಹಾಗೆಯೇ ನಮ್ಮದಾದರೆ ಪವಾಡ, ಅವರದಾದರೆ ಮೂಢನಂಬಿಕೆ. ನಮ್ಮದಾದರೆ ಇತಿಹಾಸ, ಅವರದಾದರೆ ಕಟ್ಟುಕಥೆ. ಪಠ್ಯಪುಸ್ತಕ ಎಷ್ಟೇ ಸಮನಾಗಿ ಬರೆದಿದ್ದರೂ ಈ ಪದಗಳು ಮೇಷ್ಟ್ರ ಬಾಯಿಂದ ಜಾರಿ ಬೀಳುತ್ತವೆ.

ಇನ್ನು ಪಾಠದ ಅಚ್ಚು. ಸ್ಥಾಪಕರು ಯಾರು, ಗ್ರಂಥ ಯಾವುದು, ಪೂಜಾಸ್ಥಳ ಯಾವುದು, ಹಬ್ಬ ಯಾವುದು ಅಂತ ನಾಲ್ಕು ಖಾನೆಯ ಪಟ್ಟಿ ಮಾಡಿಸುವುದು ರೂಢಿ. ಪರೀಕ್ಷೆಗೆ ಸುಲಭ, ನಿಜ. ಆದರೆ ಹಿಂದೂ ಧರ್ಮಕ್ಕೆ ಒಬ್ಬ ಸ್ಥಾಪಕರಿಲ್ಲ. ಬೌದ್ಧರಲ್ಲಿ ಜಗತ್ತನ್ನು ಸೃಷ್ಟಿ ಮಾಡಿದ ದೇವರ ಮಾತಿಗೆ ಮಹತ್ವವೇ ಇಲ್ಲ. ಯಹೂದಿಗಳಲ್ಲಿ ಏನು ನಂಬುತ್ತೀ ಅನ್ನುವುದಕ್ಕಿಂತ ಹೇಗೆ ಬದುಕುತ್ತೀ ಅನ್ನುವುದಕ್ಕೆ ಹೆಚ್ಚು ಒತ್ತು. ಒಂದು ಕಾಲಿನ ಅಳತೆ ತೆಗೆದು ಹೊಲಿದ ಚಪ್ಪಲಿಯನ್ನು ಎಲ್ಲರ ಕಾಲಿಗೂ ತುರುಕಿದ ಹಾಗೆ ಇದು. 1967ರಲ್ಲಿ ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದಲ್ಲಿ ಧರ್ಮಗಳ ಅಧ್ಯಯನಕ್ಕೆ ಒಂದು ವಿಭಾಗ ಕಟ್ಟಿದ ನಿನಿಯನ್ ಸ್ಮಾರ್ಟ್ ಇದಕ್ಕೊಂದು ಪರಿಹಾರ ಕೊಟ್ಟರು. ಪ್ರತಿ ಧರ್ಮವನ್ನೂ ಹಲವು ಮುಖಗಳಲ್ಲಿ ನೋಡಿ ಅಂದರು: ಆಚರಣೆ, ಕಥೆಗಳು, ಅನುಭವ, ತತ್ವ, ನೀತಿ, ಸಮುದಾಯ, ಆಮೇಲೆ ಕಟ್ಟಡ ಚಿತ್ರಗಳಂಥ ವಸ್ತುಗಳು. ಒಂದು ಧರ್ಮದಲ್ಲಿ ಒಂದು ಮುಖ ದೊಡ್ಡದು, ಇನ್ನೊಂದರಲ್ಲಿ ಇನ್ನೊಂದು. ನಿಮ್ಮ ಒಂದು ವಾರದ ಪಾಠಕ್ಕೆ ಏಳೂ ಬೇಕಾಗಿಲ್ಲ. ಎರಡು ಸಾಕು. ನಾನಾದರೆ ಕಥೆ ಮತ್ತು ಸಮುದಾಯ ತೆಗೆದುಕೊಳ್ಳುತ್ತೇನೆ.

'ಎಲ್ಲ ಕ್ರೈಸ್ತರೂ', 'ಎಲ್ಲ ಬೌದ್ಧರೂ' ಅನ್ನುವ ಮಾತು ಬಂದಾಗ ನಿಲ್ಲಿ. 'ಕೆಲವರು', 'ಹೆಚ್ಚಿನವರು' ಅನ್ನಿ. ಒಂದು ಧರ್ಮದೊಳಗಿನ ಜಗಳಗಳು ಎಷ್ಟೋ ಸಲ ಎರಡು ಧರ್ಮಗಳ ನಡುವಿನ ಜಗಳಕ್ಕಿಂತ ದೊಡ್ಡವು. ಯಾವ ಧರ್ಮವನ್ನೂ ನಂಬದವರೂ ಜಗತ್ತಿನಲ್ಲಿದ್ದಾರೆ, ನಿಮ್ಮ ತರಗತಿಯಲ್ಲೂ ಇರಬಹುದು. ಅವರದ್ದೂ ಒಂದು ನಿಲುವು ಅಂತ ಒಂದು ಮಾತು ಬರಲಿ.

ಎರಡು ಕೆಲಸ ಮಾತ್ರ ದಯವಿಟ್ಟು ಮಾಡಬೇಡಿ. ಒಂದು, ಒಂಟಿ ಮಗುವನ್ನು ಎಬ್ಬಿಸಿ 'ನಿಮ್ಮಲ್ಲಿ ಹೇಗೆ ಮಾಡ್ತೀರಿ, ಹೇಳು' ಅನ್ನುವುದು. ಹದಿಮೂರು ವರ್ಷದ ಮಗು ಕೋಟಿಗಟ್ಟಲೆ ಜನರ ವಕೀಲ ಅಲ್ಲ. ಅದಕ್ಕೆ ಗೊತ್ತಿಲ್ಲದೆಯೂ ಇರಬಹುದು, ಹೇಳಲು ನಾಚಿಕೆಯೂ ಇರಬಹುದು. ತಾನಾಗಿ ಕೈ ಎತ್ತಿದರೆ ಸಂತೋಷ. ಎರಡು, ಪ್ರಾರ್ಥನೆಯನ್ನು ನಾಟಕ ಮಾಡಿಸುವುದು. ವೇಷ ಹಾಕಿಸಿ, ಒಬ್ಬೊಬ್ಬರಿಂದ ಒಂದೊಂದು ಧರ್ಮದ ಪೂಜೆ ಮಾಡಿಸಿ ಫೋಟೋ ತೆಗೆಯುತ್ತಾರೆ. ಉದ್ದೇಶ ಒಳ್ಳೆಯದೇ. ಆದರೆ ನಂಬುವ ಮಗುವಿಗೆ ಅದು ಅಣಕ ಅನಿಸುತ್ತದೆ, ನಂಬದ ಮಗುವಿನ ಮನೆಯವರಿಗೆ ಪೂಜೆ ಮಾಡಿಸಿದಂತೆ ಕಾಣುತ್ತದೆ. ಮೂರನೇ ಬಾಗಿಲಿಂದ ಬಂದದ್ದು ಗೊತ್ತಿಲ್ಲದೆ ಮೊದಲನೇ ಬಾಗಿಲಿಗೆ ಹೋಗಿ ನಿಲ್ಲುವುದು ಹೀಗೆ.

ಈಗ ಆ ಹುಡುಗಿ. ಅವಳಿಗೆ ಉತ್ತರ ಬಾಕಿ ಇದೆ.

ನಮ್ಮಲ್ಲಿ ಹೆಚ್ಚಿನವರು ಹೇಳುವುದು 'ಎಲ್ಲ ಧರ್ಮವೂ ಒಂದೇ ಕಣಮ್ಮ, ಎಲ್ಲವೂ ನಿಜ' ಅಂತ. ಸಿಹಿ ಮಾತು, ಗಲಾಟೆ ಇಲ್ಲ. ಆದರೆ ಅದು ಉತ್ತರ ಅಲ್ಲ. ಒಂದು ಧರ್ಮ ಸತ್ತ ಮೇಲೆ ಮತ್ತೆ ಹುಟ್ಟು ಇದೆ ಅನ್ನುತ್ತದೆ, ಇನ್ನೊಂದು ಇರುವುದು ಒಂದೇ ಜನ್ಮ ಅನ್ನುತ್ತದೆ. ಎರಡೂ ಒಂದೇ ಅಂದರೆ ಆ ಹುಡುಗಿಗೆ ಲೆಕ್ಕ ಬರುತ್ತದೆ, ಅವಳು ಸುಮ್ಮನೆ ಕೂರುವುದಿಲ್ಲ. ಮೇಲಾಗಿ ಎಲ್ಲ ಧರ್ಮ ಒಂದೇ ಅನ್ನುವುದೂ ಒಂದು ನಂಬಿಕೆಯೇ. ಅದನ್ನು ಒಪ್ಪದ ಧಾರ್ಮಿಕರು ಲೆಕ್ಕವಿಲ್ಲದಷ್ಟು ಇದ್ದಾರೆ. ನೀವು ಅದನ್ನು ಹೇಳಿದ ಕ್ಷಣ ಬೋಧನೆ ಶುರು ಮಾಡಿದ ಹಾಗೆ.

ಜರ್ಮನಿಯ ಬಾಯ್ಟೆಲ್ಸ್‌ಬಾಖ್ ಅನ್ನುವ ಊರಿನಲ್ಲಿ 1976ರಲ್ಲಿ ಶಿಕ್ಷಣ ತಜ್ಞರು ಸೇರಿ ರಾಜಕೀಯದ ಪಾಠಕ್ಕೆ ಒಂದು ಕಟ್ಟುಪಾಡು ಮಾಡಿಕೊಂಡರು. ಶಿಕ್ಷಕರು ತಮ್ಮ ಅಭಿಪ್ರಾಯವನ್ನು ಮಕ್ಕಳ ಮೇಲೆ ಹೇರಿ ಅವರನ್ನು ಮಣಿಸಬಾರದು. ಹೊರಗೆ ಯಾವುದು ವಿವಾದವೋ ತರಗತಿಯಲ್ಲೂ ಅದನ್ನು ವಿವಾದವಾಗಿಯೇ ತೋರಿಸಬೇಕು. ತಾನು ಎಲ್ಲಿ ನಿಂತಿದ್ದೇನೆ ಅಂತ ಮಗು ತಾನೇ ಯೋಚಿಸುವಂತಾಗಬೇಕು. ಧರ್ಮದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಅಳತೆ ನಾನು ಕಂಡಿಲ್ಲ.

ಹಾಗಾದರೆ ಆ ಹುಡುಗಿಗೆ ಏನು ಹೇಳುವುದು? ನಾನಾದರೆ ಹೀಗೆ ಹೇಳುತ್ತೇನೆ: 'ಒಳ್ಳೇ ಪ್ರಶ್ನೆ. ಸಾವಿರಾರು ವರ್ಷದಿಂದ ದೊಡ್ಡ ದೊಡ್ಡವರು ಇದಕ್ಕೇ ತಲೆ ಕೆಡಿಸಿಕೊಂಡಿದ್ದಾರೆ. ಪ್ರತಿಯೊಂದು ಧರ್ಮದವರೂ ತಮ್ಮದು ಯಾಕೆ ನಿಜ ಅಂತ ಕಾರಣ ಕೊಟ್ಟಿದ್ದಾರೆ. ಯಾವುದೂ ನಿಜ ಅಲ್ಲ ಅನ್ನುವವರೂ ಕಾರಣ ಕೊಟ್ಟಿದ್ದಾರೆ. ಆ ಕಾರಣಗಳನ್ನು ನಿನಗೆ ಹೇಳುವುದು ನನ್ನ ಕೆಲಸ. ತೀರ್ಪು ಕೊಡುವ ಕೆಲಸ ಶಾಲೆ ನನಗೆ ಕೊಟ್ಟಿಲ್ಲ, ಅದು ನಿನ್ನದೇ.' ಆಮೇಲೆ ಅವಳನ್ನೇ ಕೇಳಿ: ಒಂದು ಮಾತು ನಿಜ ಅಂತ ನೀನು ಹೇಗೆ ತೀರ್ಮಾನ ಮಾಡುತ್ತೀ? ಕಣ್ಣಿಂದ ನೋಡಿಯಾ, ದೊಡ್ಡವರು ಹೇಳಿದ್ದಕ್ಕಾ, ಮನಸ್ಸಿಗೆ ಹಾಗನ್ನಿಸಿದ್ದಕ್ಕಾ? ಆ ಪಿರಿಯಡ್ ಪೂರ್ತಿ ಅದರಲ್ಲೇ ಹೋಗುತ್ತದೆ. ಹೋಗಲಿ ಬಿಡಿ.

'ನೀವೇನು ನಂಬ್ತೀರಿ ಮಿಸ್?' ಅಂತ ಇನ್ನೊಬ್ಬರು ಕೇಳಿಯೇ ಕೇಳುತ್ತಾರೆ. ಚಿಕ್ಕ ಮಕ್ಕಳಿಗೆ ಹೇಳಬೇಡಿ, ಅವರಿಗೆ ನಿಮ್ಮ ನಂಬಿಕೆಯೇ ಸರಿ ಉತ್ತರ ಆಗಿಬಿಡುತ್ತದೆ. ಪ್ರೌಢಶಾಲೆಯ ಮಕ್ಕಳಿಗೆ, ಅವರ ವಾದವೆಲ್ಲ ಮುಗಿದ ಮೇಲೆ, ಒಂದೇ ವಾಕ್ಯದಲ್ಲಿ ಹೇಳಬಹುದು ಅಂತ ನನ್ನ ಅಭಿಪ್ರಾಯ. ಒಪ್ಪದ ಸಹೋದ್ಯೋಗಿಗಳು ನನಗೆ ಬಹಳ ಜನ ಇದ್ದಾರೆ. 'ಅದನ್ನು ಗೇಟಿನ ಹೊರಗೇ ಇಟ್ಟು ಬಂದಿದ್ದೀನಿ' ಅಂತ ನಕ್ಕು ಮುಂದೆ ಹೋದರೂ ತಪ್ಪಿಲ್ಲ. ಸುಳ್ಳು ಮಾತ್ರ ಹೇಳಬೇಡಿ.

ಮುಖ್ಯೋಪಾಧ್ಯಾಯರ ಹತ್ತಿರ ವಾದ ಮಾಡುವುದಕ್ಕಿಂತ ಪೋಷಕರಿಗೆ ಒಂದು ಪುಟದ ಪತ್ರ ಬರೆದು ಅದಕ್ಕೆ ಮುಖ್ಯೋಪಾಧ್ಯಾಯರ ಸಹಿ ಕೇಳಿ. ಏನು ಕಲಿಸುತ್ತೇವೆ, ಏನು ಕಲಿಸುವುದಿಲ್ಲ, ಪ್ರಾರ್ಥನೆ ಮಾಡಿಸುವುದಿಲ್ಲ, ಯಾರನ್ನೂ ಒಪ್ಪಿಸಲು ಹೊರಟಿಲ್ಲ, ಬೇಕಾದರೆ ಬಂದು ಹಿಂದಿನ ಬೆಂಚಿನಲ್ಲಿ ಕೂತು ಕೇಳಿ. ಬರುವವರು ಒಬ್ಬಿಬ್ಬರು. ಆ ತಂದೆ ಬಂದರಂತೂ ಒಳ್ಳೆಯದೇ ಆಯಿತು.

ಅದಕ್ಕೂ ಮುಂಚೆ ಒಂದು ಕೆಲಸ ಇದೆ. ಮೊಬೈಲಿನಲ್ಲಿ ನಿಮ್ಮ ಒಂದು ಪಾಠವನ್ನು ನೀವೇ ರೆಕಾರ್ಡ್ ಮಾಡಿಕೊಳ್ಳಿ. ಸಂಜೆ ಒಬ್ಬರೇ ಕೂತು ಕೇಳಿ. ಹಾಳೆಯ ನಡುವೆ ಒಂದು ಗೆರೆ ಎಳೆದು, ನಿಮ್ಮ ಧರ್ಮದ ಕ್ರಿಯಾಪದ ಎಡಕ್ಕೆ, ಉಳಿದವರದ್ದು ಬಲಕ್ಕೆ ಬರೆಯುತ್ತಾ ಹೋಗಿ. ನನ್ನದು ಆ ಮೊದಲ ವರ್ಷ ಎರಡು ಪುಟ ತುಂಬಿತ್ತು. ಮೇಷ್ಟ್ರ ಆ ನೋಟ್ ಪುಸ್ತಕ ಇನ್ನೂ ನನ್ನ ಹತ್ತಿರ ಇದೆ.